ನೀಲಿ ಕೋಟಿನ ಎರಡನೇ ಫೋಟೋ

ಮದುವೆಯ ದಿನ ಟೈಲರ್ ತನ್ನ ಹೆಂಡತಿಗೆ ಮಾತು ಕೊಟ್ಟಿದ್ದ: "ಇಪ್ಪತ್ತೈದು ವರ್ಷ ಆದ್ಮೇಲೆ ಇದೇ ಮೆಟ್ಟಿಲ ಮೇಲೆ, ಇದೇ ನೀಲಿ ಕೋಟಲ್ಲಿ, ಇದೇ ಕ್ಯಾಮೆರಾದಲ್ಲಿ ನಿನ್ನ ಫೋಟೋ ಮತ್ತೆ ತೆಗೀತೀನಿ."

ಕೋಟು ಅವನೇ ಹೊಲಿದದ್ದು. ಕ್ಯಾಮೆರಾ, ಗುಂಡಿ ಒತ್ತಿದೊಡನೆ ಗುರ್ರೆಂದು ನಾಲಗೆಯಂತೆ ಫೋಟೋ ಚಾಚುತ್ತಿತ್ತಲ್ಲ, ಆ ಕಾಲದ್ದು. ಬೂದುಬಣ್ಣದಿಂದ ಮೆಲ್ಲಗೆ ಮುಖ ಮೂಡುವುದನ್ನು ನೋಡಲು ಆಗ ಬೀದಿಗೆ ಬೀದಿಯೇ ನೆರೆಯುತ್ತಿತ್ತು. ಈಗ ಅದರ ಹಾಳೆ ಎಲ್ಲಿ ಹುಡುಕಿದರೂ ಸಿಗದು. ಹತ್ತು ಹಾಳೆಯ ಕಟ್ಟಕಡೆಯ ಪೆಟ್ಟಿಗೆಯನ್ನು ಟೈಲರ್ ಫ್ರಿಜ್ಜಿನಲ್ಲಿ, ಬೆಣ್ಣೆ ಡಬ್ಬಿಯ ಹಿಂದೆ, ಜೋಪಾನವಾಗಿಟ್ಟಿದ್ದ.

ಆ ದಿನ ಬಂದೇ ಬಂತು. ಬೆಳಕು ತಗುಲಿದರೆ ಹಾಳೆಗಳೆಲ್ಲ ಕೆಟ್ಟಾವೆಂದು ಕಂಬಳಿಯೊಳಗೆ ತಲೆ ತೂರಿಸಿ, ಬೆವರಿನಲ್ಲಿ ಮಿಂದು, ಪೆಟ್ಟಿಗೆಯನ್ನು ಕ್ಯಾಮೆರಾದೊಳಗೆ ಕೂರಿಸಿದ. ಹೆಂಡತಿ ಮೆಟ್ಟಿಲ ಮೇಲೆ, ಬಿಗಿದು ಕಟ್ಟಿದ ಹಾಸಿಗೆ ಸುರುಳಿಯಂತೆ ನಿಂತಿದ್ದಳು.

"ಪಕ್ಕದ ಹೊಲಿಗೆ ಒಂಚೂರು ಬಿಚ್ರೀ, ಪುಣ್ಯ ಬರುತ್ತೆ."

"ಅದೇ ಕೋಟು ಅಂದ್ರೆ ಅದೇ ಕೋಟು. ಉಸಿರು ಹಿಡ್ಕೋ, ಮಾತಾಡ್ಬೇಡ!"

ಗುಂಡಿ ಒತ್ತಿದ. ಗುರ್ರ್! ಕಪ್ಪು ಹಾಳೆಯೊಂದು ಹೊರಬಂತು. ಕಾದ. ಕಪ್ಪಾಗಿಯೇ ಇತ್ತು.

ಸದ್ದು ಕೇಳಿ ಪಕ್ಕದಂಗಡಿಯ ಕ್ಷೌರಿಕ ಓಡಿಬಂದ. ಮಹಡಿಯಿಂದ ನಿವೃತ್ತ ಲೆಕ್ಕದ ಮೇಷ್ಟ್ರು ಇಳಿದರು.

"ಜೋರಾಗಿ ಬೀಸಣ್ಣಾ!" ಎಂದ ಕ್ಷೌರಿಕ. ಬೀಸಿದ್ದಾಯಿತು. ಕೂದಲು ಒಣಗಿಸುವ ಯಂತ್ರ ತಂದು ಬಿಸಿಗಾಳಿ ಊದಿದ್ದೂ ಆಯಿತು.

"ಮೈಶಾಖ ಬೇಕು ಕಣಯ್ಯಾ," ಎಂದು ಮೇಷ್ಟ್ರು ಅದನ್ನು ಕಂಕುಳಲ್ಲಿ ಅವುಚಿಕೊಂಡರು. ಐದು ನಿಮಿಷದ ಮೇಲೆ ತೆಗೆದು, "ನೋಡ್ರೋ, ಮೂಗು ಮೂಡ್ತಿದೆ!"

"ಅದು ನಿಮ್ಮ ಬೆವರು, ಮೇಷ್ಟ್ರೇ," ಎಂದ ಕ್ಷೌರಿಕ.

"ಅ... ಅದು..." ಹೆಂಡತಿ ಏನೋ ಹೇಳಹೊರಟಳು.

"ಅಲುಗಾಡ್ಬೇಡ ಅಂದ್ನಲ್ಲ!" ಎಂದು ಗದರಿದ ಟೈಲರ್, ಮರುಕ್ಷಣವೇ ಕುಸಿದು ಕೂತ. "ಎಲ್ಲಾ ಹಾಳಾಗಿದೆ. ಇಪ್ಪತ್ತೈದು ವರ್ಷ ಕಾಯಿಸಿ ನಿನಗೆ ಮಸಿ ತೋರಿಸ್ದೆ."

ಆಗ ಕೋಟಿನ ನಡುಗುಂಡಿ ಟಪ್ಪೆಂದು ಹಾರಿ ಕ್ಷೌರಿಕನ ಹಣೆಗೆ ಬಡಿಯಿತು. ಅದರ ಹಿಂದೆಯೇ ಹೆಂಡತಿಯ ದನಿಯೂ ಹೊರಬಿತ್ತು.

"ಅದು ಫೋಟೋನೇ ಅಲ್ರೀ! ಹೊಸ ಪೆಟ್ಟಿಗೆ ಹಾಕಿದಾಗ ಮೊದಲು ಬರೋದು ಮುಚ್ಚಳದ ಕಾಗದ. ಮದುವೆ ದಿನಾನೂ ಹೀಗೇ ಅಳ್ತಾ ಕೂತಿದ್ರಿ!"

ಟೈಲರಿಗೆ ಹೋದ ಜೀವ ಬಂದಂತಾಯಿತು. ಕ್ಯಾಮೆರಾವನ್ನು ಮೇಷ್ಟ್ರ ಕೈಗಿತ್ತು, ಸೂಜಿದಾರ ತಂದು, ಗುಂಡಿಯನ್ನು ನಿಂತಲ್ಲೇ ಹೊಲಿಯತೊಡಗಿದ. ಹಲ್ಲಲ್ಲಿ ದಾರ ಕಚ್ಚಿಕೊಂಡೇ, "ಮೇಷ್ಟ್ರೇ, ಹಾಗಾದ್ರೆ ಹತ್ತೂ ಹಾಳೆ ಒಳಗೇ ಇರ್ತವೆ ಅಂತೀರಾ?" ಎಂದ.

"ಅನುಮಾನ ಯಾಕಯ್ಯಾ?" ಎಂದರು ಮೇಷ್ಟ್ರು.

ಗಂಟು ಹಾಕಿ ಟೈಲರ್ ತಿರುಗಿ ನೋಡಿದ. ನಡುಹಗಲ ಬಿಸಿಲಿನಲ್ಲಿ ಮೇಷ್ಟ್ರು ಕ್ಯಾಮೆರಾ ತೆರೆದು ಹಾಳೆಗಳನ್ನೆಲ್ಲ ಮೆಟ್ಟಿಲ ಮೇಲೆ ಸಾಲಾಗಿ ಹರಡಿದ್ದರು.

"ಎಣಿಸೇಬಿಟ್ಟೆ! ಹತ್ತಕ್ಕೆ ಹತ್ತು, ಒಂದೂ ಕಮ್ಮಿಯಿಲ್ಲ!"

ಟೈಲರ್ ಕಂಬಳಿ ತಂದು ಮುಚ್ಚುವಷ್ಟರಲ್ಲಿ ಬಿಸಿಲು ತಗುಲಿ ಹತ್ತೂ ಹಾಳೆ ಕೆಟ್ಟಿದ್ದವು.

"ಸದ್ಯ!" ಎಂದಳು ಹೆಂಡತಿ. ಆರೂ ಗುಂಡಿ ಬಿಚ್ಚಿ, ಹೊಟ್ಟೆತುಂಬ ಉಸಿರೆಳೆದುಕೊಂಡಳು. "ಬನ್ನಿ, ಊಟ ಮಾಡೋಣ. ಈ ಕೋಟಿನ ದೆಸೆಯಿಂದ ನಿನ್ನೆಯಿಂದ ಅರೆಹೊಟ್ಟೆ."

ಫೋಟೋ ತೆಗೆಯಲಾಗಲಿಲ್ಲ. ಕೊಟ್ಟ ಮಾತು ತಪ್ಪಿತು.