ಇಂಟರ್ನೆಟ್ಟಿಗೆ ಅತ್ತೆ ಇಟ್ಟ ಪರೀಕ್ಷೆ

ನಮ್ಮ ಸೋದರತ್ತೆಗೆ ಗೊತ್ತಿಲ್ಲದ್ದನ್ನು ಹೇಳಿಕೊಡುವುದು ಸುಲಭದ ಕೆಲಸವಾಗಿರಲಿಲ್ಲ. ಮೊದಲು ಅವರಿಗೆ ಗೊತ್ತಿರುವುದನ್ನು ಹೇಳಿ ಪಾಸಾಗಬೇಕಿತ್ತು! ಬಸ್ಸಿನ ಬೋರ್ಡನ್ನು ಎರಡು ಸಲ ಓದಿಕೊಂಡು, ಆಮೇಲೆ ಕಂಡಕ್ಟರನ್ನು "ಇದು ಎಲ್ಲಿಗೆ ಹೋಗುತ್ತಪ್ಪಾ?" ಎಂದು ಕೇಳುತ್ತಿದ್ದರು. ಅವನು "ಬೋರ್ಡು ಕಾಣಲ್ವಾ ಅಮ್ಮಾ?" ಎಂದರೆ "ನನಗೆ ಕಾಣುತ್ತೆ, ನಿನಗೆ ಕಾಣುತ್ತಾ ಅಂತ ನೋಡಿದೆ" ಎನ್ನುವರು. ಗೊಬ್ಬರ ಮಾರಲು ಬಂದವರು ಅರೇಬಿಕಾ ಕಾಫಿ ಹೂವಾಗಿ ಎಷ್ಟು ತಿಂಗಳಿಗೆ ಹಣ್ಣಾಗುತ್ತದೆ ಎಂದು ಹೇಳಿದ ಮೇಲೆಯೇ ಚೀಲದ ಬಾಯಿ ಬಿಚ್ಚಬೇಕು. ಒಮ್ಮೆ ಜ್ಯೋತಿಷಿಯೊಬ್ಬ ಬಂದಾಗ "ನನ್ನ ದೊಡ್ಡ ಮಗಳ ಮದುವೆ ಯಾವಾಗ?" ಎಂದು ಕೇಳಿದರು. ಆತ ಕಣ್ಣು ಮುಚ್ಚಿ, ಬೆರಳು ಮಡಚಿ ಎಣಿಸಿ, "ಬರುವ ಮಾಘದಲ್ಲಿ ಕಂಕಣ ಕೂಡಿ ಬರುತ್ತೆ ತಾಯಿ" ಎಂದ. ಅತ್ತೆಗೆ ಮಕ್ಕಳೇ ಇರಲಿಲ್ಲ! ಪಾಪ, ಕಾಫಿ ಕೊಟ್ಟು ಕಳಿಸಿದರು.

ಇಂಥವರ ಕೈಗೆ ನಾನು ಸಿಕ್ಕಿಬಿದ್ದೆ. ಎರಡು ಸಾವಿರದ ಇಸವಿ ಕಳೆದು ಮೂರ್ನಾಲ್ಕು ವರ್ಷವಾಗಿತ್ತು. ಕಳಸದ ಆಚೆಯ ನಮ್ಮೂರಿನಿಂದ ದಿನಾ ಕಾಲೇಜಿಗೆ ಓಡಾಡಲು ಆಗದೆಂದು ಅಪ್ಪ ನನ್ನನ್ನು ಗೋಣಿಬೀಡಿನಲ್ಲಿ ಅತ್ತೆಯ ಮನೆಯಲ್ಲಿ ಬಿಟ್ಟಿದ್ದರು. ಮೂಡಿಗೆರೆಯಲ್ಲಿ ಪಿಯುಸಿ, ಅದೂ ಸೈನ್ಸು. ಹದಿನೇಳು ವರ್ಷಕ್ಕೇ ಗೆಳೆಯರ ರೂಮಿನಲ್ಲಿ ರಮ್ಮಿನ ರುಚಿ ಹತ್ತಿತ್ತು. ಅರ್ಧ ಉಳಿದ ಬಾಟಲಿಯೊಂದನ್ನು ಮನೆಗೆ ತಂದು, ಯಾರೂ ಕೈ ಹಾಕದ ಜಾಗವೆಂದು ಸ್ಟೋರಿನಲ್ಲಿದ್ದ, ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ ಪಾರ್ಚ್‌ಮೆಂಟ್ ಕಾಫಿಯ ಮೂಟೆಯೊಳಗೆ ಹುದುಗಿಸಿಟ್ಟೆ. ಒಣಗಿದ ಕಾಫಿ ಪಕ್ಕದಲ್ಲಿ ಏನಿಟ್ಟರೂ ಅದರ ವಾಸನೆ ಎಳೆದುಕೊಳ್ಳುತ್ತದೆ, ಆ ಕೋಣೆಯಲ್ಲಿ ಬೆಳ್ಳುಳ್ಳಿ ಕೂಡ ಇಡಬಾರದು ಎಂಬುದು ನಮ್ಮ ಕಡೆ ಎಳೆಮಕ್ಕಳಿಗೂ ಗೊತ್ತು. ನನಗೂ ಗೊತ್ತಿತ್ತು. ಆದರೆ ಕುಡಿಯುವವನು ಮೊದಲು ಮರೆಯುವುದೇ ಗೊತ್ತಿರುವುದನ್ನು! ಮುಚ್ಚಳ ಸಡಿಲವಾಗಿತ್ತು. ವ್ಯಾಪಾರಿ ಬರುವ ದಿನ ಅತ್ತೆ ಮೂಟೆ ಬಿಚ್ಚಿ, ಒಂದು ಹಿಡಿ ಎತ್ತಿ ಮೂಸಿದರು.

"ನಮ್ಮ ತೋಟದ ಕಾಫಿಗೆ ಯಾವಾಗಿಂದ ರಮ್ಮಿನ ವಾಸನೆ ಬಂತೋ ಮಾರಾಯ?"

"ಒಂದೇ ಸಲ ಅತ್ತೆ. ಫ್ರೆಂಡ್ ಕೊಟ್ಟಿದ್ದು" ಎಂದೆ. ಶುದ್ಧ ಸುಳ್ಳು.

ಅತ್ತೆ ಬೈಯಲಿಲ್ಲ. ನನಗೆ ಭಯವಾಗಿದ್ದೇ ಅದಕ್ಕೆ. "ನಿನ್ನಪ್ಪನಿಗೆ ಹೇಳಿದ್ರೆ ಬೆಲ್ಟ್ ಬಿಚ್ತಾನೆ. ಅವನಿಗೆ ಗೊತ್ತಿರೋ ಮದ್ದು ಅದೊಂದೇ. ನನಗೆ ಅದೂ ಗೊತ್ತಿಲ್ಲ. ನೀನು ಪೂರ್ತಿ ಕೈತಪ್ಪಿ ಹೋಗೋದ್ರೊಳಗೆ ಏನು ಮಾಡ್ಬೇಕು ಅಂತ ಯಾರನ್ನಾದ್ರೂ ಕೇಳ್ಬೇಕಲ್ಲ" ಎಂದರು. ಯಾರನ್ನು ಕೇಳುವುದು? ಗೋಣಿಬೀಡಿನಲ್ಲಿ ಬೆಳಿಗ್ಗೆ ಒಬ್ಬರ ಕಿವಿಗೆ ಹಾಕಿದರೆ ಮಧ್ಯಾಹ್ನದೊಳಗೆ ಕೊಟ್ಟಿಗೆಹಾರದ ಹೋಟೆಲಿನಲ್ಲಿ ಚರ್ಚೆಯಾಗುತ್ತದೆ! ಯಾರು ಕೇಳಿದರೆಂದು ಯಾರಿಗೂ ತಿಳಿಯದ ಜಾಗ ಇಂಟರ್ನೆಟ್ ಒಂದೇ ಎಂದು ಎಲ್ಲಿಂದಲೋ ತಿಳಿದುಕೊಂಡು, ಶನಿವಾರ ಕ್ಲಾಸು ಬಿಟ್ಟ ಕೂಡಲೇ ನನ್ನನ್ನು ಮೂಡಿಗೆರೆಯ ಸೈಬರ್ ಕೆಫೆಗೆ ಎಳೆದುಕೊಂಡು ಹೋದರು. ಅವರಿಗೆ ಮೌಸ್ ಹಿಡಿಯಲು ಬಾರದು. ಇಂಗ್ಲಿಷ್ ಬಂದರೂ ಅಕ್ಷರ ಕೂಡಿಸಿ ಓದುವಷ್ಟು. ಹಾಗಾಗಿ ಹುಡುಕುವವನೂ ನಾನೇ, ಓದಿ ಕನ್ನಡದಲ್ಲಿ ಹೇಳುವವನೂ ನಾನೇ. ಕಳ್ಳನ ಕೈಗೆ ಬೀಗದ ಕೈ ಕೊಟ್ಟ ಹಾಗಾಯಿತಲ್ಲವೇ?

ಕೆಫೆಯಲ್ಲಿ ಪ್ರತಿ ಗೂಡಿಗೂ ಒಂದು ಪರದೆ. "ಪರದೆ ಯಾಕಪ್ಪಾ? ಒಳಗೆ ಸ್ನಾನ ಮಾಡ್ತಾರಾ?" ಎಂದು ಕೆಫೆಯವನನ್ನು ಕೇಳಿ, ಅವನ ಉತ್ತರಕ್ಕೂ ಕಾಯದೆ ಪರದೆಯನ್ನು ಎತ್ತಿ ಗಂಟು ಹಾಕಿದರು. ಸ್ಟೂಲಿನ ಮೇಲೆ ಕೂತು, ತೋಟದ ಆಚೆಗಿನವರನ್ನು ಕರೆಯುವ ದನಿಯಲ್ಲಿ ಅಪ್ಪಣೆ ಕೊಟ್ಟರು: "ಹುಡುಗ್ರು, ಕುಡಿತ, ಗಾಂಜಾ, ಎಲ್ಲಾ ಹಾಕು!"

"ಗಾಂಜಾ ಯಾಕತ್ತೆ? ನಾನು ಮುಟ್ಟೇ ಇಲ್ಲ!"

"ಮುಟ್ಟೋದ್ರೊಳಗೆ ತಿಳ್ಕೊಳ್ಳಣ."

ಅಕ್ಕಪಕ್ಕದ ಪರದೆಗಳಿಂದ ನಾಲ್ಕು ತಲೆಗಳು ಹೊರಬಂದವು. ಅದರಲ್ಲಿ ಎರಡು ನನ್ನ ಕ್ಲಾಸಿನವು.

ಮೊದಲ ಪುಟದಲ್ಲಿ ಒಬ್ಬ ಪುಡಿ ಮಾರುತ್ತಿದ್ದ. ಊಟದಲ್ಲಿ ಗೊತ್ತಾಗದ ಹಾಗೆ ಬೆರೆಸಿ ಕೊಟ್ಟರೆ ಏಳೇ ದಿನದಲ್ಲಿ ಕುಡಿತ ಮಾಯವಂತೆ. ಅತ್ತೆ "ಇವನು ಕಾಫಿ ಬಗ್ಗೆ ಏನಾದ್ರೂ ಬರ್ದಿದ್ದಾನಾ ನೋಡು" ಎಂದರು. ಕುಡಿತಕ್ಕೂ ಕಾಫಿಗೂ ಏನು ಸಂಬಂಧ ಎಂದೆ. "ನನಗೆ ಗೊತ್ತಿರೋದ್ರಲ್ಲೇ ಸುಳ್ಳು ಹೇಳೋನು, ಗೊತ್ತಿಲ್ಲದ್ರಲ್ಲಿ ನಿಜ ಹೇಳ್ತಾನಾ?" ಹುಡುಕಿದೆ. ಅವನ ಪ್ರಕಾರ ಕಾಫಿ ಬಳ್ಳಿಯಲ್ಲಿ ಬಿಡುವ ಬೀಜ! "ಬಳ್ಳಿಯಂತೆ! ಅದು ಕಾಳುಮೆಣಸು ಕಣೋ. ಮುಚ್ಚು ಇವನ ಅಂಗಡಿ."

ಎರಡನೆಯ ಪುಟ ನನಗೆ ಬಹಳ ಹಿಡಿಸಿತು. "ಹಿತಮಿತವಾಗಿ ಕುಡಿದ್ರೆ ಹುಡುಗ್ರಿಗೂ ಏನೂ ಆಗಲ್ವಂತೆ ಅತ್ತೆ" ಎಂದು ಉತ್ಸಾಹದಿಂದ ಓದಿದೆ.

"ಬರ್ದೋನ ಹೆಸರು?" ಹೆಸರಿರಲಿಲ್ಲ. "ಹೆಸರಿಲ್ಲದ ಕಾಗದ ಬಂದ್ರೆ ಒಲೆಗೆ ಹಾಕ್ತೀವಿ. ಕೆಳಗೇನಿದೆ?" ಕೆಳಗೆ ವೈನ್ ಬಾಟಲಿಗಳ ಸಾಲು, ಕೊಳ್ಳಲು ಇಲ್ಲಿ ಒತ್ತಿ ಎಂಬ ಗುಂಡಿ. ಅತ್ತೆ ಕಂಪ್ಯೂಟರನ್ನು ಬಿಟ್ಟು ನನ್ನ ಮುಖ ನೋಡಿದರು.

ಮೂರನೆಯದು ಯಾವುದೋ ಆಸ್ಪತ್ರೆಯ ಪುಟ. ಬರೆದ ಡಾಕ್ಟರುಗಳ ಹೆಸರಿತ್ತು, ಯಾವಾಗ ಬರೆದದ್ದೆಂದು ತಾರೀಖಿತ್ತು, ಮಾರಲು ಏನೂ ಇರಲಿಲ್ಲ. ಬೆಳೆಯುವ ವಯಸ್ಸಿನಲ್ಲಿ ಎಷ್ಟು ಕಡಿಮೆ ಕುಡಿದರೂ ಕ್ಷೇಮವಲ್ಲ ಎಂದು ಬರೆದಿದ್ದರು. ನಾನು "ಕಡಿಮೆ ಕುಡಿದ್ರೆ ಕ್ಷೇಮ" ಎಂದು ಓದಿಬಿಟ್ಟೆ. ಅತ್ತೆಯ ಬೆರಳು ಬಂದು ಕಂಪ್ಯೂಟರಿನ ಗಾಜಿನ ಮೇಲೆ ಕೂತಿತು. "ಇಲ್ಲಿ ಎನ್ ಓ ಅಂತಿದೆಯಲ್ಲ. ಅದನ್ನ ಯಾಕೆ ನುಂಗಿದೆ? ಮೊದಲಿಂದ ಓದು." ಈ ಸಲ ಒಂದಕ್ಷರ ಬಿಡದೆ ಓದಿದೆ.

"ಸರಿ. ಕಾಫಿ?"

ಆಸ್ಪತ್ರೆಯವರು ಕಾಫಿಯ ಬಗ್ಗೆ ಏಕೆ ಬರೆದಾರು ಎಂದು ನಗು ಬಂತು. ಬರೆದಿದ್ದರು! "ಕುಡಿದೋರಿಗೆ ಕಾಫಿ ಕುಡಿಸಿದ್ರೆ ಅಮಲು ಇಳಿಯಲ್ಲ ಅಂತಿದೆ ಅತ್ತೆ."

ಅತ್ತೆ ಗಾಜಿನ ಮೇಲಿಂದ ಬೆರಳು ತೆಗೆದರು. ಆಮೇಲೆ, "ಇವರು ನಿಜ ಹೇಳ್ತಿದ್ದಾರೆ. ನಿಮ್ಮ ಮಾವನಿಗೆ ಲೋಟಗಟ್ಟಲೆ ಕುಡಿಸಿದ್ದೀನಿ ನಾನು. ಒಂದು ದಿನಾನೂ ಇಳೀಲಿಲ್ಲ" ಎಂದರು.

ಮಾವ ನಾನು ಹುಟ್ಟುವ ಮೊದಲೇ ತೀರಿಕೊಂಡವರು. ಹೊಟ್ಟೆನೋವಿನಿಂದ ಎಂದೇ ಮನೆಯಲ್ಲಿ ಎಲ್ಲರೂ ಹೇಳುತ್ತಿದ್ದರು. ಇಷ್ಟು ವರ್ಷ ಅತ್ತೆಯೂ ಹಾಗೇ ಹೇಳಿದ್ದರು.

"ಮುಂದೆ ಏನು ಮಾಡ್ಬೇಕಂತೆ?"

"ಬೈಬಾರ್ದಂತೆ. ಯಾಕೆ ಕುಡೀತಾನೆ ಅಂತ ಕೇಳಿ, ಅವನು ಹೇಳೋದನ್ನ ಪೂರ್ತಿ ಕೇಳಿಸ್ಕೋಬೇಕಂತೆ. ಆಮೇಲೆ ಡಾಕ್ಟರ ಹತ್ರ ಕರ್ಕೊಂಡು ಹೋಗ್ಬೇಕಂತೆ."

ಅತ್ತೆ ಎದ್ದರು. ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳಿದರು. "ಯಾಕೆ ಕುಡೀತೀಯೋ ಮಗಾ?"

ಅವರ ಮುಖ ನೋಡಿದರೆ, ಈ ಸಲ ಕೇಳಿದ್ದಕ್ಕೆ ಉತ್ತರ ಅವರಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ನಾನು ಹೇಳಿದೆ. ಹತ್ತನೆಯ ಕ್ಲಾಸಿನವರೆಗೆ ಕನ್ನಡ ಮೀಡಿಯಂ, ಇಲ್ಲಿ ಎಲ್ಲವೂ ಇಂಗ್ಲಿಷು. ಲೆಕ್ಚರರು ಎಬ್ಬಿಸಿ ಪ್ರಶ್ನೆ ಕೇಳಿದರೆ ಬಾಯಿ ಕಟ್ಟುತ್ತದೆ, ಹುಡುಗರು ನಗುತ್ತಾರೆ. ಎರಡು ಗುಟುಕು ಹಾಕಿದರೆ ಅದೇ ಹುಡುಗರ ಮುಂದೆ ಇಂಗ್ಲಿಷ್ ತಾನಾಗಿ ಬರುತ್ತದೆ. ಒಂದೇ ಸಲ ಅಂದದ್ದು ಸುಳ್ಳು, ಆರು ತಿಂಗಳಾಯಿತು. ಈಚೆಗೆ ಒಂದೊಂದು ದಿನ ಬೆಳಿಗ್ಗೆಯೂ ಕುಡಿದೇ ಕ್ಲಾಸಿಗೆ ಹೋಗುತ್ತಿದ್ದೇನೆ.

ಗೋಣಿಬೀಡಿನ ಬಸ್ಸು ಬಂದು ಹೋಯಿತು. ಅತ್ತೆ ಏಳಲಿಲ್ಲ.

"ಈಗ ಅಷ್ಟು ಹೊತ್ತು ಇಂಗ್ಲಿಷ್ ಓದಿ ಓದಿ ನನಗೆ ತಿಳಿಯೋ ಹಂಗೆ ಹೇಳಿದ್ಯಲ್ಲೋ" ಎಂದರು. "ಕುಡಿದಿದ್ಯಾ?"

"ಇಲ್ಲ ಅತ್ತೆ" ಎನ್ನುವಷ್ಟರಲ್ಲಿ ನನಗೆ ಅಳು ಬಂದುಬಿಟ್ಟಿತು.

"ನಡಿ, ಡಾಕ್ಟರು ಊಟಕ್ಕೆ ಏಳೋದ್ರೊಳಗೆ ಹೋಗಣ. ನಾನೂ ಒಳಗೆ ಬರ್ತೀನಿ" ಎಂದು ಕೈ ಹಿಡಿದು ಎಬ್ಬಿಸಿದರು. ಡಾಕ್ಟರ ಬಾಗಿಲು ಮುಟ್ಟುವವರೆಗೂ ಆ ಕೈ ಬಿಡಲಿಲ್ಲ.