ಕೂರಿಸಿ ಹೂಳಬೇಕಿತ್ತು

ಓದು ಬಿಟ್ಟು ಊರೂರು ಸುತ್ತುವವನ ಹಿಂದೆ ಇಂಥ ಪ್ರಸಂಗಗಳೂ ಸುತ್ತುತ್ತಲೇ ಇರುತ್ತವೆ. ತೊಂಬತ್ತರ ದಶಕದಲ್ಲಿ ನಾನು ತಿ. ನರಸೀಪುರದ ಒಂದು ವಿಡಿಯೊ ಅಂಗಡಿಯಿಂದ ಟೀವಿ, ಕ್ಯಾಸೆಟ್ ಹಾಕುವ ಡೆಕ್ಕು ಮೊಪೆಡ್ಡಿಗೆ ಬಿಗಿದುಕೊಂಡು ಹಳ್ಳಿಗಳಿಗೆ ಸಿನಿಮಾ ಒಯ್ಯುತ್ತಿದ್ದೆ. ಬಿಳಿಗೆರೆಯಲ್ಲಿ ಹೆಣ್ಣು ನೋಡಿ ಬಂದಿದ್ದೆ. ನನಗೆ ಒಪ್ಪಿಗೆ, ಅವರ ಕಡೆಯಿಂದ ಉತ್ತರವಿಲ್ಲ. ಅವತ್ತು ಮನೆಯ ಅಜ್ಜಿ ಊರಲ್ಲಿರಲಿಲ್ಲವಂತೆ. ಕೊನೆಗೆ ಹುಡುಗಿಯ ಅಪ್ಪ ಹೇಳಿ ಕಳಿಸಿದರು: "ಭಾನುವಾರ ಮನೇಲಿ ಒಂದು ಪಿಚ್ಚರ್ ಹಾಕಪ್ಪ. ನಮ್ಮವ್ವ ನಿನ್ನ ನೋಡ್ದಂಗೂ ಆಯ್ತದೆ."

ಭಾನುವಾರ ಒಳ್ಳೆಯ ಕ್ಯಾಸೆಟ್ ಉಳಿಯುತ್ತದೆಯೇ? ಸಿಕ್ಕಿದ್ದು ರಕ್ತ ಕುಡಿಯುವ ದೆವ್ವದ ಹಳೇ ಇಂಗ್ಲಿಷ್ ಸಿನಿಮಾ ಒಂದೇ. ನಾನೂ ನೋಡಿರಲಿಲ್ಲ.

ಅರ್ಥ ಹೇಳಿದ್ದು

ಕಿಟಕಿಗೆ ಕಂಬಳಿ ಕಟ್ಟಿ ಮಧ್ಯಾಹ್ನವನ್ನೇ ಕತ್ತಲು ಮಾಡಿ ಕೂತೆವು. ಐದನೇ ಕ್ಲಾಸಿಗೇ ಶಾಲೆ ಬಿಟ್ಟ ನಾನೇ ಅಲ್ಲಿ ಇಂಗ್ಲಿಷ್ ಪಂಡಿತ. ಕರಿ ಮೇಲಂಗಿಯ ದೆವ್ವ ಒಬ್ಬ ಹೆಂಗಸಿನ ಮುಂದೆ ಬಾಗಿ ಏನೋ ಹೇಳಿತು.

"ಏನಂತಾನೆ?" ಎಂದರು ಅಪ್ಪ.

"ಊಟಕ್ಕೆ ಕರೀತಾವ್ನೆ, ಯಜಮಾನ್ರೇ."

ಮರುಕ್ಷಣ ಅದು ಅವಳ ಕುತ್ತಿಗೆಗೇ ಬಾಯಿ ಹಾಕಿತು. ಅಪ್ಪ ತಲೆದೂಗಿದರು: "ಸರಿಯಾಗೇ ಹೇಳ್ದೆ ಬುಡು. ಊಟ ಯಾರ್ಗೆ ಅನ್ನದೊಂದು ಹೇಳ್ನಿಲ್ಲ."

ಬೆಳ್ಳುಳ್ಳಿ

ಅಜ್ಜಿ ಲಿಂಗದೀಕ್ಷೆ ಪಡೆದವರು. ಬೆಳ್ಳುಳ್ಳಿ ಆ ಮನೆಯ ಹೊಸಿಲು ದಾಟಿದ್ದಿಲ್ಲ. ಬೆಳ್ಳುಳ್ಳಿ ಸರ ಕಂಡ ದೆವ್ವ ಮುಖ ಮುಚ್ಚಿಕೊಂಡು ಓಡಿದ್ದೇ ಅಜ್ಜಿಗೆ ಅದರ ಮೇಲೆ ಗೌರವ ಬಂತು.

"ಎಷ್ಟು ನೇಮಸ್ತ ನೋಡ್ರಪ್ಪ! ವಾಸನೇನೂ ಸೇರಕಿಲ್ಲ." ನನ್ನ ಕಡೆ ತಿರುಗಿದರು, "ನೀನು ತಿಂದೀಯೇನಪ್ಪ?"

"ಉಹೂಂ, ಮುಟ್ಟೋದೇ ಇಲ್ಲ ಅಜ್ಜಿ."

ಬೆಳಿಗ್ಗೆ ತಿಂದ ಚಟ್ನಿ ಆಗಲೇ ತೇಗಾಗಿ ಬರಬೇಕೆ! ಅಜ್ಜಿ ಮೂಗಿಗೆ ಸೆರಗು ಹಿಡಿದು ಆಚೆ ಸರಿದರು: "ಆ ದೆವ್ವವೇ ವಾಸಿ ಕಣಪ್ಪ. ಸುಳ್ಳು ಹೇಳ್ನಿಲ್ಲ."

ಪೆಟ್ಟಿಗೆ

ಹೆಣದ ಪೆಟ್ಟಿಗೆಯ ಮುಚ್ಚಳ ಕಿರ್ರೆಂದಿತು. ದೆವ್ವ ಎದ್ದು ಕೂತಿತು. ಅಪ್ಪ ಮಾತ್ರ ಅಲ್ಲಾಡಲಿಲ್ಲ.

"ಮಲಗಿಸಿ ಹೂತವ್ರೆ, ಅದೇ ತಪ್ಪು. ನಮ್ಮಂಗೆ ಕೂರಿಸಿ, ವಿಭೂತಿ ಹಾಕಿ ಮಣ್ಣು ಎಳ್ದಿದ್ರೆ ಏಳ್ತಿದ್ನಾ? ಅಷ್ಟು ಮೆತ್ತಗೆ ಹಾಸಿ ಮಲಗ್ಸುದ್ರೆ, ನಿದ್ದೆ ಮುಗುದ್ಮೇಲೆ ಯಾರಾದ್ರೂ ಏಳ್ತಾರೆ!"

ಉತ್ತರ

ಪಿಚ್ಚರ್ ಮುಗಿಯಿತು. ಕಂಬಳಿ ಬಿಚ್ಚಿದರು.

"ಈ ಗಂಡು ಬ್ಯಾಡ" ಎಂದರು ಅಜ್ಜಿ.

ಅಪ್ಪ ನನ್ನ ಪರ ನಿಂತರು: "ಧೈರ್ಯಸ್ಥ ಕಣವ್ವ. ಒಂದ್ಸಲನಾದ್ರೂ ಬೆಚ್ಚಿದ್ನಾ?"

ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಹುಡುಗಿ ಕಿಸಕ್ಕನೆ ನಕ್ಕಳು. "ಧೈರ್ಯ ಎಲ್ ಬಂತಪ್ಪ? ದೆವ್ವ ಬಂದಾಗ್ಲೆಲ್ಲ ಕಣ್ಣು ಮುಚ್ಕತಿದ್ರು. ಅರ್ಥ ಹೇಳುದ್ದೂ ಕಣ್ಣು ಮುಚ್ಕಂಡೇ!"

ಅವಳು ಹೇಳಿದ್ದು ನಿಜ. ಕೆಲಸ ಕೆಟ್ಟಿತೆಂದು ನಾನು ಡೆಕ್ಕಿನ ವೈರು ಸುತ್ತತೊಡಗಿದೆ. ಅಜ್ಜಿ ನಿಧಾನವಾಗಿ ಮೊಮ್ಮಗಳ ಕಡೆ ತಿರುಗಿದರು.

"ಅಲ್ಲ ಕಣವ್ವ, ನಮ್ ಕಣ್ಣೆಲ್ಲ ಟೀವಿ ಮ್ಯಾಲಿದ್ದೊ. ನಿನ್ ಕಣ್ಣು ಎಲ್ಲಿದ್ದೊ?"

ಹುಡುಗಿ ಒಳಕ್ಕೆ ಓಡಿದಳು. ಅಜ್ಜಿ ಮಗನಿಗೆ ಹೇಳಿದರು:

"ಬೇಗ ಲಗ್ನ ಗೊತ್ತು ಮಾಡ್ಲಾ. ಇವ್ನು ಇನ್ನೊಂದು ಪಿಚ್ಚರ್ ತರಗಂಟ ಕಾಯ್ಬ್ಯಾಡ."