ಮೂರು ಸಲ ಕೇಳುವ ಪ್ರೋಗ್ರಾಂ

ಮಾಡಿದ ಕೆಲಸವನ್ನು ಬರೆದಿಡಿ ಎಂದು ಹೇಳಿ ನೋಡಿ, ಎಂಥ ಬುದ್ಧಿವಂತನಿಗೂ ಬಸ್ಸಿಗೆ ಹೊತ್ತಾಗಿಬಿಡುತ್ತದೆ. ಇಂಥವರ ನಡುವೆ ಇದ್ದ ನನಗೆ ನಗುವಿಗೆ ಬರವಿರಲಿಲ್ಲ.

ತೊಂಬತ್ತರ ದಶಕದ ಕೊನೆಯಲ್ಲಿ ದೊಡ್ಡಬಳ್ಳಾಪುರದಲ್ಲಿ ನಾವು ಕೆಲವರು ಸೇರಿ, ಸೀರೆಯ ಅಂಚು, ಬುಟ್ಟಾ ಬಿಡಿಸುವ ಕಂಪ್ಯೂಟರ್ ಪ್ರೋಗ್ರಾಂ ಬರೆಯುತ್ತಿದ್ದೆವು. ಅದನ್ನು ಯಾರು ಬೇಕಾದರೂ ತೆರೆದು ನೋಡಬಹುದು, ತಿದ್ದಬಹುದು, ಪುಕ್ಕಟೆ ಹಂಚಬಹುದು. ಮುಂದಾಳು, ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಡುತ್ತಿದ್ದ ಮೇಡಂ. ಅವರದು ಒಂದೇ ಕಾನೂನು: ಪ್ರೋಗ್ರಾಂ ತಿದ್ದಿದವರು ಏನು, ಹೇಗೆ, ಯಾಕೆ ಎಂಬುದನ್ನು ದಾಖಲೆಯಲ್ಲಿ ಬರೆದೇ ತರಬೇಕು. ದಾಖಲೆಯನ್ನೂ ಪ್ರೋಗ್ರಾಮನ್ನೂ ತಾಳೆ ನೋಡುವ ಕೆಲಸ ನನ್ನದು; ತಾಳೆಯಾದರೆ ಫ್ಲಾಪಿಗೆ ಸಹಿ ಮೇಡಂದು. ಶಿಸ್ತಿನ ವಿಷಯದಲ್ಲಿ ನಾನು ಯಾರಿಗೂ ಸುಲಭವಾಗಿ ತಲೆಬಾಗುವವನಲ್ಲ. ಮೇಡಂಗೆ ಬಾಗಿದ್ದೆ.

೧. ತಲೆಯಲ್ಲಿರುವ ದಾಖಲೆ

ಕುಂದಾಣದ ಬ್ಯಾಂಕ್ ಗುಮಾಸ್ತರೊಬ್ಬರು ತಾವು ತಿದ್ದಿದ ಪ್ರೋಗ್ರಾಂ ಇದ್ದ ಒಂದು ಫ್ಲಾಪಿ ತಂದರು. ಅರ್ಧ ಬುಟ್ಟಾ ಬಿಡಿಸಿದರೆ ಉಳಿದರ್ಧವನ್ನು ಪ್ರೋಗ್ರಾಮೇ ಬಿಡಿಸುತ್ತಿತ್ತು. ಸೊಗಸಾದ ಕೆಲಸ. ಅವರ ಭಾಮೈದನ ಮಗ್ಗಕ್ಕೆ ಮದುವೆ ಸೀರೆಗಳ ಆರ್ಡರ್ ಬಂದಿತ್ತು. ಆ ವಾರ ಡಿಸೈನ್ ಕೊಡದಿದ್ದರೆ ಅದು ಕೈತಪ್ಪುತ್ತಿತ್ತು. ಆದರೆ ಭಾಮೈದನ ಹಟ ಬೇರೆ: "ಮೇಡಂ ಸಹಿ ಇಲ್ದಿರೋ ಫ್ಲಾಪಿ ನನ್ ಮಿಷಿನ್‌ಗೆ ಹಾಕಲ್ಲ ಭಾವ!"

ಮೇಡಂ ಕೇಳಿದರು, "ದಾಖಲೆ ಎಲ್ರೀ?"

"ಎಲ್ಲಾ ತಲೇಲಿದೆ ಮೇಡಂ."

"ಹಾಗಾದ್ರೆ ಒಂದೊಂದು ಫ್ಲಾಪಿ ಜೊತೆ ತಲೇನೂ ಕಳಿಸ್ಕೊಡ್ತೀರಾ?"

೨. ಮೂರು ಹೆಸರಿನ ಸೆರಗು

ಮರುದಿನವೇ ದಾಖಲೆ ಬಂತು. 'ಯಾಕೆ' ಎಂಬ ಕಡೆ "ಬೇಕಿತ್ತು" ಎಂದಷ್ಟೇ ಇತ್ತು. ಅಲ್ಲಿ ಎಲ್ಲರೂ ಬರೆಯುತ್ತಿದ್ದುದು ಅದನ್ನೇ, ಹೋಗಲಿ ಎಂದೆ. ಆದರೆ ಒಂದು ಪುಟದಲ್ಲಿ ಸೆರಗು, ಇನ್ನೊಂದರಲ್ಲಿ ಪಲ್ಲು, ಮತ್ತೊಂದರಲ್ಲಿ ಮುಂದಾನೆ. ಓದುವವನು ಸೀರೆಗೆ ಮೂರು ತುದಿ ಎಂದುಕೊಂಡರೆ?

"ಎಲ್ಲಾ ಒಂದೇ ಅಲ್ವಾ ಸಾರ್, ಮಗ್ಗದವ್ರಿಗೆ ಗೊತ್ತಾಗುತ್ತೆ ಬಿಡಿ," ಎಂದರು ಗುಮಾಸ್ತರು.

ಮೇಡಂ ತಮ್ಮ ಸೆರಗನ್ನು ಎಳೆದು ಸೊಂಟಕ್ಕೆ ಸಿಕ್ಕಿಸಿದರು. "ಉಡೋಳು ನಾನು. ಇದು ಸೆರಗು. ಎಲ್ಲಾ ಕಡೆ ತಿದ್ಕೊಂಡು ಬನ್ನಿ."

ಗುಮಾಸ್ತರು ಪೆನ್ನು ತೆಗೆದರು. ಸೀರೆ ಉಟ್ಟವರ ಜೊತೆ ಸೀರೆ ಬಗ್ಗೆ ವಾದ ಮಾಡಬಾರದು ಎಂಬ ಬುದ್ಧಿ ಅವರಿಗಿತ್ತು.

೩. ಕೈಯ ಅಭ್ಯಾಸ

ಮೂರನೆಯ ಸಲ ಎಲ್ಲ ಸರಿಯಿತ್ತು, ಒಂದನ್ನು ಬಿಟ್ಟು. ಡಿಸೈನ್ ಅಳಿಸುವ ಮುಂಚೆ ಪ್ರೋಗ್ರಾಂ "ಖಂಡಿತವೇ?" ಎಂದು ಮೂರು ಸಲ ಕೇಳುತ್ತದೆ ಎಂದು ದಾಖಲೆಯಲ್ಲಿತ್ತು. ಪ್ರೋಗ್ರಾಂ ಕೇಳುತ್ತಿದ್ದುದು ಒಂದೇ ಸಲ.

"ಬ್ಯಾಂಕಲ್ಲಿ ಎಲ್ಲಾ ಮೂರ್ ಮೂರ್ ಪ್ರತಿ ಅಲ್ವಾ ಸಾರ್, ಕೈಗೆ ಮೂರೇ ಬಂದ್ಬಿಟ್ಟಿದೆ."

ದಾಖಲೆಯ ಪ್ರತಿಗಳೆಲ್ಲ ಆಗಲೇ ಜೆರಾಕ್ಸ್ ಆಗಿದ್ದವು; ತಿದ್ದಿದರೆ ಮತ್ತೆ ಮಾಡಿಸಬೇಕು. ಗುಮಾಸ್ತರು ಗಡಿಯಾರ ನೋಡಿದರು, ನನ್ನ ಮುಖ ನೋಡಿದರು. ಆಮೇಲೆ ಅಲ್ಲೇ ಕುಳಿತು, ದಾಖಲೆ ಬಿಟ್ಟು ಪ್ರೋಗ್ರಾಮನ್ನೇ ತಿದ್ದಿ ಮೂರು ಸಲ ಕೇಳುವಂತೆ ಮಾಡಿದರು! ತಾಳೆಯಾಯಿತು. ಮೇಡಂ ನಗು ತಡೆದುಕೊಂಡು ಸಹಿ ಹಾಕಿದರು. ಆರ್ಡರ್ ಉಳಿಯಿತು.

ಭಾಮೈದ ಮಾತ್ರ ಗೊಣಗಿದ: "ಏನ್ ಭಾವ, ನಿಮ್ ಪ್ರೋಗ್ರಾಂ ನಮ್ಮತ್ತೆ ಥರ ಕೇಳಿದ್ದೇ ಕೇಳುತ್ತಲ್ಲ!" ಆದರೆ ವಾರ ಕಳೆಯುವುದರೊಳಗೆ ಕಣ್ತಪ್ಪಿನಿಂದ ಮದುವೆ ಡಿಸೈನನ್ನೇ ಅಳಿಸಲು ಹೊರಟು, ಎರಡು ಸಲ 'ಹೌದು' ಒತ್ತಿ, ಮೂರನೆಯದಕ್ಕೆ ಬೆಚ್ಚಿ ನಿಲ್ಲಿಸಿದ. ಅಂದಿನಿಂದ ಮೇಡಂ ಹೆಸರೆತ್ತಿದರೆ ಕೈಮುಗಿಯುತ್ತಿದ್ದ.

ಕೆಲವು ತಿಂಗಳ ಮೇಲೆ ಅವನೇ ಬಂದ. "ಮೇಡಂ, ನಾಲ್ಕು ಸಲ ಕೇಳೋ ಹಂಗೆ ಮಾಡ್ಕೊಡಿ."

"ಬರೆದು ತನ್ನಿ."

ಬರೆದೇ ತಂದ. ಏನು, ಹೇಗೆ, ಎಲ್ಲ ಚೊಕ್ಕ. ಸೆರಗು ಎಲ್ಲ ಕಡೆ ಸೆರಗೇ. ಅಷ್ಟು ವರ್ಷಗಳಲ್ಲಿ 'ಯಾಕೆ' ಎಂಬಲ್ಲಿ ನಿಜವಾದ ಕಾರಣ ಬರೆದವನು ಅವನೊಬ್ಬನೇ. ಮೇಡಂ ಅದನ್ನು ಗಟ್ಟಿಯಾಗಿ ಓದಿದರು:

"ಮೂರು ಸಲ ಒತ್ತುವುದು ನನ್ನ ಬೆರಳಿಗೆ ಅಭ್ಯಾಸವಾಗಿಬಿಟ್ಟಿದೆ."